ಅಪ್‌ಡೇಟ್: ಮಿಲ್ಕ್ ಆಫ್ ಮೆಗ್ನೀಷಿಯಾ ತೆಗೆದುಕೊಂಡೆ, ಕೆಲಸ ಆಯಿತು

ಅಪರೂಪಕ್ಕೆ ಮಲಬದ್ಧತೆ ಆದಾಗ ಡಾಕ್ಟರ್ ಚೀಟಿ ಇಲ್ಲದೆ ಸಿಗುವ ಮಿಲ್ಕ್ ಆಫ್ ಮೆಗ್ನೀಷಿಯಾ ಕುಡಿಯಬಹುದಾ, ಜೊತೆಗೆ ಥೈರಾಯ್ಡ್ ಮಾತ್ರೆಯೂ ಇದೆ ಅಂತ ಕೇಳಿದ್ದೆ ಅಲ್ವಾ? ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಔಷಧಿ ಅಂಗಡಿಯ ಫಾರ್ಮಸಿಸ್ಟ್ ಮೊದಲು ಕೇಳಿದ್ದೇ ಕಿಡ್ನಿ ಬಗ್ಗೆ. ಜಾಸ್ತಿಯಾದ ಮೆಗ್ನೀಷಿಯಂ ಹೊರಗೆ ಹೋಗುವುದು ಕಿಡ್ನಿಯಿಂದಲೇ, ಅದು ಸರಿ ಇಲ್ಲದಿದ್ದರೆ ರಕ್ತದಲ್ಲಿ ಸೇರುತ್ತಾ ಹೋಗಿ ಹೃದಯದ ಬಡಿತಕ್ಕೂ ತೊಂದರೆ ಆಗಬಹುದು, ಹಾಗಾಗಿ ಕಿಡ್ನಿ ಕಾಯಿಲೆ ಇರುವವರು ಡಾಕ್ಟರ್‌ಗೆ ಕೇಳದೆ ಮುಟ್ಟಬಾರದು. ನನಗೆ ಆ ತೊಂದರೆ ಇಲ್ಲ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ಕನಿಷ್ಠ 4 ಗಂಟೆ ಅಂತರ ಇರಲಿ ಅಂದರು, ಇಲ್ಲದಿದ್ದರೆ ಮಾತ್ರೆ ಮೈಗೆ ಹತ್ತುವುದಿಲ್ಲ. ಕೆಲವು ಆ್ಯಂಟಿಬಯಾಟಿಕ್‌ಗಳಿಗೂ ಇದೇ ಕಥೆ.

ಮಾತ್ರೆ ಬೆಳಿಗ್ಗೆ ಇರುವುದರಿಂದ ಇದನ್ನು ರಾತ್ರಿಗೆ ಇಟ್ಟುಕೊಂಡೆ. ಬಾಟಲಿ ಚೆನ್ನಾಗಿ ಅಲ್ಲಾಡಿಸಿ, ಲೇಬಲ್‌ನಲ್ಲಿ ಬರೆದಷ್ಟೇ ಅಳತೆ ಮುಚ್ಚಳದಲ್ಲಿ ತೆಗೆದುಕೊಂಡು, ಮೇಲೆ ಒಂದು ದೊಡ್ಡ ಲೋಟ ನೀರು ಕುಡಿದೆ. ನೀರು ಮುಖ್ಯ, ಯಾಕಂದ್ರೆ ಇದು ಕರುಳಿನೊಳಗೆ ನೀರು ಎಳೆದುಕೊಂಡೇ ಮಲವನ್ನು ಮೆತ್ತಗೆ ಮಾಡುವುದು. ರುಚಿ ಮಾತ್ರ ಸುಣ್ಣ! ಬೆಳಿಗ್ಗೆ ಹೊತ್ತಿಗೆ ಹೊಟ್ಟೆ ಹಗುರ. ಅರ್ಧ ಗಂಟೆಯಿಂದ 6 ಗಂಟೆಯೊಳಗೆ ಯಾವಾಗ ಬೇಕಾದರೂ ಕೆಲಸ ಮಾಡಬಹುದು, ಆದ್ದರಿಂದ ಬಸ್ ಹತ್ತುವ ಮೊದಲು ಬೇಡ.

ಒಂದು ವಾರಕ್ಕಿಂತ ಜಾಸ್ತಿ ಸುಮ್ನೆ ಕುಡಿಯುತ್ತಾ ಹೋಗಬಾರದು. ಜೋರು ಹೊಟ್ಟೆನೋವು, ವಾಂತಿ ಇದ್ದರೆ ಕುಡಿಯಲೇಬೇಡಿ. ಮಲದಲ್ಲಿ ರಕ್ತ ಕಂಡರೆ, ಅಥವಾ ಕುಡಿದ ಮೇಲೂ ಏನೂ ಆಗದಿದ್ದರೆ, ಇನ್ನೊಂದು ಡೋಸ್ ಹಾಕುವ ಬದಲು ಡಾಕ್ಟರ್ ಹತ್ತಿರ ಹೋಗಿ.