ಸಹಾಯ ಬೇಕು: 1:87 ಅಳತೆಯ ಮಳೆಮರದ ಕೊಡೆ ಜೋತುಬೀಳುತ್ತಿದೆ

ಎಲ್ಲರಿಗೂ ನಮಸ್ಕಾರ. ಮಂಡ್ಯ ಕಡೆಯ ನಾಲೆ ಏರಿಯ ಪುಟ್ಟ ಮಾದರಿಯನ್ನು 1:87 ಅಳತೆಯಲ್ಲಿ ಮಾಡ್ತಿದ್ದೀನಿ. 1 ಮೀಟರ್ ಅಂದ್ರೆ 11.5 ಮಿ.ಮೀ. ತೆಂಗು, ಕಬ್ಬಿನ ಗದ್ದೆ ಸಲೀಸಾಗಿ ಬಂದಿವೆ. ತೊಡಕಿರೋದು ಮಳೆಮರದಲ್ಲಿ: ಎತ್ತರ 14 ಸೆಂ.ಮೀ., ಕೊಡೆ (ಹರಡಿದ ಕೊಂಬೆ-ಎಲೆಗಳ ನೆತ್ತಿ) ಅಗಲ 23 ಸೆಂ.ಮೀ.

0.5 ಮಿ.ಮೀ. ತಾಮ್ರದ ತಂತಿ 40 ಎಳೆ ಹೊಸೆದು, ಬುಡದಿಂದ 3 ಸೆಂ.ಮೀ.ಗೇ ಕವಲು ಒಡೆಸಿದ್ದೀನಿ. ತೊಗಟೆಗೆ ಬಿಳಿ ಅಂಟು, ಪ್ಲಾಸ್ಟರ್ ಆಫ್ ಪ್ಯಾರಿಸ್. ಒಣಗಿದ ಮೇಲೆ ಕೊಂಬೆ ಬಾಗಿಸಿದ್ರೆ ಬಿರುಕು ಬಿಡುತ್ತೆ, ಹಾಗಾಗಿ ಆಕಾರ ಮುಗಿಸಿಯೇ ಬಳಿಯೋದು.

ಎಲೆಗೆ ದಿಂಬಿನ ಪಾಲಿಯೆಸ್ಟರ್ ಹತ್ತಿಯನ್ನು ಜೇಡರಬಲೆಯಷ್ಟು ತೆಳ್ಳಗೆ ಎಳೆದು, ಮೇಲೆ ಮಿಕ್ಸಿಯಲ್ಲಿ ಪುಡಿ ಮಾಡಿದ ಸ್ಪಂಜ್. ಅಂಟು 1 ಪಾಲು, ನೀರು 2 ಪಾಲು, ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ತೊಟ್ಟು. ಈ ಒದ್ದೆ ಭಾರಕ್ಕೇ ಅಂಚಿನ ಕೊಂಬೆಗಳು ಬಗ್ಗಿ, ಹಾಗೇ ಗಟ್ಟಿಯಾಗ್ತಿವೆ. ತಲೆಕೆಳಗೆ ನೇತುಹಾಕಿದ್ರೆ ಕೊಡೆ ಬಟ್ಟಲಿನ ಹಾಗೆ ಮೇಲಕ್ಕೆ ತಿರುಗುತ್ತೆ. ಮಳೆಮರದ ಚೆಂದವೇ ಆ ಚಪ್ಪಟೆ ನೆತ್ತಿ, ಅದನ್ನು ಬಿಡೋಕೆ ಮನಸ್ಸಿಲ್ಲ.

ಅಂಚಿನ ಕೊಂಬೆಗಳಿಗೆ ಮಾತ್ರ ಉಕ್ಕಿನ ತಂತಿ ಸೇರಿಸಿ ಬೆಸುಗೆ ಹಾಕಿದವರು ಇದ್ದೀರಾ? ಅಂಟಿನ ಬದಲು ಹೇರ್ ಸ್ಪ್ರೇ ಹೊಡೆದ್ರೆ ಪುಡಿ ಎಷ್ಟು ದಿನ ನಿಲ್ಲುತ್ತೆ?

ಇನ್ನೊಂದು: 4 ಸೆಂ.ಮೀ. ಕಿರುಎಲೆ ಈ ಅಳತೆಗೆ ಅರ್ಧ ಮಿ.ಮೀ. ಕೂಡ ಇಲ್ಲ. ದಸರಾ ಗೊಂಬೆಗೆ ಹಾಕೋ ಹಸಿರು ಮರದಪುಡಿ ದಪ್ಪವಾಯ್ತು. ಮೈಸೂರಲ್ಲಿ ಅಷ್ಟು ಸಣ್ಣ ಪುಡಿ ಎಲ್ಲಿ ಸಿಗುತ್ತೆ, ದಯವಿಟ್ಟು ತಿಳಿಸಿ.