ಚಂಡೆ ಕಿವಿ ಒಡೆಯುತ್ತದೆ, ಅರ್ಥ ಕೇಳಿಸುವುದಿಲ್ಲ: ಲ್ಯಾಪ್‌ಟಾಪ್ ಸ್ಪೀಕರ್ ಕುರಿತು ಪ್ರಶ್ನೋತ್ತರ

ಪ್ರಶ್ನೆ – ನಿವೃತ್ತ ಶಿಕ್ಷಕ, ಶಿರಸಿ

ನಮಸ್ಕಾರ. ಲ್ಯಾಪ್‌ಟಾಪ್ ರಿಪೇರಿ ಮಾಡುವವರೊಬ್ಬರು ಈ ಬಳಗದಲ್ಲಿದ್ದಾರೆಂದು ಕೇಳಿ ಬರೆಯುತ್ತಿದ್ದೇನೆ. ಮಗಳು ದೀಪಾವಳಿಗೆ ಬಂದಾಗ ತನ್ನ ಹಳೆಯ ಲ್ಯಾಪ್‌ಟಾಪನ್ನು ನನಗೆ ಬಿಟ್ಟುಹೋದಳು. ಕೊಡುವ ಮೊದಲು ಅಂಗಡಿಯೊಂದರಲ್ಲಿ ಬಿಚ್ಚಿಸಿ, ಒಳಗಿನ ಧೂಳು ತೆಗೆಸಿ, ವಿಂಡೋಸ್ 11 ಹೊಸದಾಗಿ ಹಾಕಿಸಿ ತಂದಿದ್ದಳು. ನಾನು ಅದರಲ್ಲಿ ಮಾಡುವುದು ಒಂದೇ ಕೆಲಸ, ರಾತ್ರಿ ಊಟವಾದ ಮೇಲೆ ಹಾಸಿಗೆಯಲ್ಲಿ ಕುಳಿತು ತಾಳಮದ್ದಳೆ (ವೇಷವಿಲ್ಲದೆ, ಹಾಡು ಮತ್ತು ಮಾತಿನಲ್ಲೇ ನಡೆಯುವ ಯಕ್ಷಗಾನ) ಕೇಳುವುದು. ಚಂಡೆಗೆ ಪೆಟ್ಟು ಬಿದ್ದರೆ ಪಕ್ಕದ ಮನೆಯವರೂ ಏಳಬೇಕು. ಅರ್ಥಧಾರಿ ಮಾತಿಗೆ ಶುರುವಿಟ್ಟರೆ ನಾನು ಯಂತ್ರಕ್ಕೆ ಕಿವಿ ಆನಿಸಬೇಕು. ಅಳಿಯ ಫೋನಿನಲ್ಲೇ ಹೇಳಿಕೊಟ್ಟಂತೆ, ಧ್ವನಿಯನ್ನು ಶೇಕಡಾ 600ರವರೆಗೆ ಏರಿಸುವ ಬೂಸ್ಟರ್ ಒಂದನ್ನು ಬ್ರೌಸರಿಗೆ ಹಾಕಿಕೊಂಡೆ. ಈಗ ಮಾತು ಜೋರಾಗಿದೆ, ಆದರೆ ಒಣಗಿದ ತೆಂಗಿನ ಗರಿ ಎಳೆದ ಹಾಗೆ ಚರಚರ ಎನ್ನುತ್ತದೆ. ಹೊರಗಿನ ಸ್ಪೀಕರ್ ಕೊಳ್ಳಲೇಬೇಕೇ?

ಉತ್ತರ – ಲ್ಯಾಪ್‌ಟಾಪ್ ರಿಪೇರಿಯವರು, ಶಿವಮೊಗ್ಗ

ಮಾಸ್ತರರೇ, ನಮಸ್ಕಾರ. ಕೊಳ್ಳುವ ಮಾತು ಆಮೇಲೆ. ಮೊದಲು ಆ ಬೂಸ್ಟರನ್ನು ತೆಗೆದುಹಾಕಿ. ಕಂಪ್ಯೂಟರಿನ ಪಾಲಿಗೆ ಧ್ವನಿಯೆಂದರೆ ಅಂಕಿಗಳ ಸಾಲು. 16 ಬಿಟ್‌ನ ಧ್ವನಿಮುದ್ರಣದಲ್ಲಿ ಅಲೆ ಏರಬಹುದಾದ ಅತಿ ದೊಡ್ಡ ಅಂಕಿ 32,767. ಚಂಡೆಯ ಪೆಟ್ಟು ಮೊದಲೇ ಅದರ ಹತ್ತಿರ ಹೋಗಿರುತ್ತದೆ. ಅದನ್ನು ಆರುಪಟ್ಟು ಮಾಡಲು ಹೋದರೆ ಮೇಲೆ ಜಾಗವೆಲ್ಲಿದೆ? ಬೇಲಿ ಸವರಿದ ಹಾಗೆ ಅಲೆಯ ತುದಿ ಸಪಾಟಾಗುತ್ತದೆ. ನಿಮಗೆ ಕೇಳುತ್ತಿರುವ ಚರಚರ ಬಹುಮಟ್ಟಿಗೆ ಅದೇ. ಸಪಾಟಾದ ಅಲೆಯಿಂದ ಸ್ಪೀಕರಿನೊಳಗಿನ ತಂತಿಯ ಸುರುಳಿ ಹೆಚ್ಚು ಕಾಯುತ್ತದೆ, ಕೂದಲೆಳೆಯಂಥ ತಂತಿ ಅದು. ದಿನವೂ ಹೀಗೆ ನಡೆದರೆ ಸ್ಪೀಕರ್ ನಿಜವಾಗಿಯೇ ಹಾಳಾಗುತ್ತದೆ.

ನಿಮ್ಮ ತೊಂದರೆ ಸದ್ದು ಕಡಿಮೆ ಎಂಬುದಲ್ಲ. ಸಣ್ಣ ಸದ್ದಿಗೂ ದೊಡ್ಡ ಸದ್ದಿಗೂ ನಡುವಿನ ಅಂತರ ದೊಡ್ಡದಾಗಿದೆ, ಅಷ್ಟೆ. ಸಭೆಯಲ್ಲಿ ಕುಳಿತವರಿಗೆ ಆ ಅಂತರವೇ ರಸ. ಅದನ್ನು ಯಾರೋ ಮೊಬೈಲಿನಲ್ಲಿ ಹಿಮ್ಮೇಳದ ಪಕ್ಕ ಕುಳಿತು ಮುದ್ರಿಸಿ, ನೀವು ಎರಡು ವಾಟಿನ ಸ್ಪೀಕರಿನಲ್ಲಿ ಕೇಳುವಾಗ ಅದು ಕಾಟವಾಗುತ್ತದೆ. ಕಿವಿಗೆ ಎರಡರಷ್ಟು ಜೋರು ಎನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಎಂದರೆ ಹತ್ತುಪಟ್ಟು ವಿದ್ಯುತ್ ಶಕ್ತಿ. ಎರಡು ವಾಟಿನದು ಇಪ್ಪತ್ತು ವಾಟ್ ಎಲ್ಲಿಂದ ತರಬೇಕು? ಆದ್ದರಿಂದ ಚಂಡೆಯನ್ನು ತಗ್ಗಿಸಿ ಮಾತನ್ನು ಎತ್ತುವ ದಾರಿ ಹುಡುಕಬೇಕು.

ಇವತ್ತು ರಾತ್ರಿ ಎರಡು ಪರೀಕ್ಷೆ ಮಾಡಿ. ತಂತಿಯ ಇಯರ್‌ಫೋನ್ ಸಿಕ್ಕಿಸಿ ಅದೇ ಪ್ರಸಂಗ ಕೇಳಿ. ಅದರಲ್ಲೂ ಚರಚರ ಬಂದರೆ ದೋಷ ಮುದ್ರಣದಲ್ಲಿ ಅಥವಾ ಡ್ರೈವರಿನಲ್ಲಿ, ಎಂದರೆ ವಿಂಡೋಸಿನಿಂದ ಯಂತ್ರದ ಧ್ವನಿಭಾಗವನ್ನು ನಡೆಸುವ ತಂತ್ರಾಂಶದಲ್ಲಿ. ಇಯರ್‌ಫೋನಿನಲ್ಲಿ ಶುದ್ಧವಾಗಿದ್ದು ಸ್ಪೀಕರಿನಲ್ಲಿ ಮಾತ್ರ ಬಂದರೆ ಅನುಮಾನ ಸ್ಪೀಕರಿನ ಮೇಲೆ. ನನ್ನ ಅಂಗಡಿಗೆ ಯಾವ ಯಂತ್ರ ಬಂದರೂ ಮೊದಲು ನಡೆಯುವುದು ಈ ಪರೀಕ್ಷೆಯೇ, ಸ್ಕ್ರೂಡ್ರೈವರ್ ಮುಟ್ಟುವುದು ಆಮೇಲೆ.

ಎರಡನೆಯದು ಇನ್ನೂ ಸುಲಭ. ಯಂತ್ರವನ್ನು ಮಗುಚಿ ನೋಡಿ. ಮುಂದಿನ ಅಂಚಿನ ಎರಡೂ ಮೂಲೆಯಲ್ಲಿ ಸಣ್ಣ ಜಾಲರಿ ಕಂಡರೆ ನಿಮ್ಮ ಸ್ಪೀಕರ್ ನೆಲದ ಕಡೆ ಮುಖ ಮಾಡಿದೆ ಎಂದರ್ಥ. ಹಾಸಿಗೆಯ ಮೇಲಿಟ್ಟರೆ ಅರ್ಧ ಸದ್ದನ್ನು ಹತ್ತಿಯೇ ಕುಡಿಯುತ್ತದೆ, ಗಾಳಿಯ ಕಿಂಡಿಯೂ ಮುಚ್ಚುತ್ತದೆ. ಮನೆಯಲ್ಲಿ ಊಟದ ಮಣೆ ಇದೆಯಲ್ಲ? ಅದರ ಮೇಲಿಟ್ಟು ಕೇಳಿ.

ಶಿರಸಿಯ ಶಿಕ್ಷಕರು

ಬೂಸ್ಟರ್ ತೆಗೆದೆ. ಮಗುಚಿದೆ, ಜಾಲರಿ ಇದೆ. ಮಣೆಯ ಮೇಲಿಟ್ಟಾಗ ನಂಬಲಾಗಲಿಲ್ಲ, ಮಾತಿಗೆ ಒಂದು ಅಂಚು ಬಂತು. ಮೂರು ತಿಂಗಳು ಹಾಸಿಗೆಗೆ ತಾಳಮದ್ದಳೆ ಕೇಳಿಸಿದೆನಲ್ಲ! ಇಯರ್‌ಫೋನಿನಲ್ಲಿ ಎಲ್ಲ ಶುದ್ಧವಾಗಿದೆ. ಆದರೂ ಅರ್ಥ ಇನ್ನೂ ಸಣ್ಣದೇ. ಇನ್ನೊಂದು ಸಂಗತಿಯೂ ಗಮನಕ್ಕೆ ಬಂತು. ಭಾಗವತರು ಮೇಲಿನ ಸ್ವರವೊಂದರಲ್ಲಿ ನಿಂತಾಗ ಎಡಗಡೆಯಿಂದ ಜೀರುಂಡೆಯ ಹಾಗೆ ‘ಜರ್ರ್’ ಎನ್ನುತ್ತದೆ. ಬೇರೆ ಸ್ವರಕ್ಕೆ ಹೋದರೆ ಇಲ್ಲ.

ಉತ್ತರ

ಆ ಜರ್ರ್ ಬೇರೆ ಕತೆ, ಅದಕ್ಕೆ ಬರುತ್ತೇನೆ. ಮೊದಲು ಮಾತಿನ ವಿಷಯ.

ವಿಂಡೋಸ್ ಹೊಸದಾಗಿ ಹಾಕಿಸಿದ್ದೀರಿ ಎಂದಿರಿ. ಲ್ಯಾಪ್‌ಟಾಪ್ ಕಂಪನಿಯವರು ಆಯಾ ಮಾದರಿಯ ಪುಟ್ಟ ಸ್ಪೀಕರಿಗೆ ತಕ್ಕಂತೆ ಧ್ವನಿಯನ್ನು ತಿದ್ದಿ, ಆ ತಿದ್ದುಪಡಿಯನ್ನು ತಮ್ಮ ಡ್ರೈವರಿನ ಜೊತೆ ಕೊಟ್ಟಿರುತ್ತಾರೆ. ಹೊಸದಾಗಿ ಹಾಕಿದಾಗ ಎಷ್ಟೋ ಸಲ ಮೈಕ್ರೋಸಾಫ್ಟಿನ ಸಾಮಾನ್ಯ ಡ್ರೈವರ್ ಕುಳಿತುಬಿಡುತ್ತದೆ. ಸದ್ದು ಬರುತ್ತದೆ, ತಿದ್ದುಪಡಿ ಇರುವುದಿಲ್ಲ. ‘ಮೊದಲು ಚೆನ್ನಾಗಿತ್ತು, ಫಾರ್ಮ್ಯಾಟ್ ಮಾಡಿದ ಮೇಲೆ ಡಬ್ಬದೊಳಗಿನ ಸದ್ದಾಯಿತು’ ಎಂದು ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರ ಗುಟ್ಟು ಇದೇ. ಡಿವೈಸ್ ಮ್ಯಾನೇಜರ್ (ವಿಂಡೋಸಿನಲ್ಲಿರುವ ಯಂತ್ರಭಾಗಗಳ ಪಟ್ಟಿ) ತೆರೆದು ಸೌಂಡ್ ಎಂಬ ವಿಭಾಗದಲ್ಲಿ ಬರೀ ‘ಹೈ ಡೆಫಿನಿಷನ್ ಆಡಿಯೊ ಡಿವೈಸ್’ ಎಂದಿದ್ದರೆ ನಿಮ್ಮದೂ ಹಾಗೇ ಆಗಿದೆ. ಯಂತ್ರದ ತಳದಲ್ಲಿರುವ ಮಾದರಿ ಸಂಖ್ಯೆ ಹಿಡಿದು ಆ ಕಂಪನಿಯ ಜಾಲತಾಣದಿಂದಲೇ ಆಡಿಯೊ ಡ್ರೈವರ್ ಇಳಿಸಿಕೊಳ್ಳಿ. ‘ಎಲ್ಲ ಡ್ರೈವರ್ ಒಂದೇ ಒತ್ತಿಗೆ’ ಎನ್ನುವ ತಂತ್ರಾಂಶಗಳ ಸಹವಾಸ ಬೇಡ, ಅವು ಒಂದನ್ನು ಸರಿಮಾಡಿ ಮೂರನ್ನು ಕೆಡಿಸುತ್ತವೆ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಸೌಂಡ್, ಕೆಳಗೆ ‘ಮೋರ್ ಸೌಂಡ್ ಸೆಟ್ಟಿಂಗ್ಸ್’. ತೆರೆಯುವ ಸಣ್ಣ ಕಿಟಕಿಯಲ್ಲಿ ಸ್ಪೀಕರ್ಸ್ ಮೇಲೆ ಎರಡು ಸಲ ಒತ್ತಿದರೆ ‘ಎನ್‌ಹ್ಯಾನ್ಸ್‌ಮೆಂಟ್ಸ್’ ಎಂಬ ಹಾಳೆ ಸಿಗಬಹುದು. ಅದರಲ್ಲಿ ‘ಲೌಡ್‌ನೆಸ್ ಈಕ್ವಲೈಸೇಶನ್’ಗೆ ಗುರುತು ಹಾಕಿ. ನಿಮಗೆ ಬೇಕಾದದ್ದು ಅದೇ, ಸಣ್ಣ ಸದ್ದನ್ನು ಎತ್ತಿ ದೊಡ್ಡದನ್ನು ಹಿಡಿದು ನಿಲ್ಲಿಸುತ್ತದೆ. ಕೆಲವು ಕಂಪನಿಗಳ ಡ್ರೈವರ್ ಹಾಕಿದಾಗ ಆ ಹಾಳೆ ಕಾಣುವುದಿಲ್ಲ. ಆಗ ಅವರದೇ ಧ್ವನಿ ಆ್ಯಪ್ ತೆರೆದು ‘ವಾಯ್ಸ್’ ಅಥವಾ ‘ಡೈಲಾಗ್’ ಎಂಬ ಆಯ್ಕೆ ಇದೆಯೇ ನೋಡಿ. ಸಂಗೀತ ಕಛೇರಿ ಕೇಳುವಾಗ ಮಾತ್ರ ಮರೆಯದೆ ಇದನ್ನು ನಿಲ್ಲಿಸಿಬಿಡಿ. ಮೃದಂಗದ ಪೆಟ್ಟನ್ನೆಲ್ಲ ಚಪಾತಿ ಲಟ್ಟಿಸಿದ ಹಾಗೆ ಮಾಡುತ್ತದೆ, ನನಗಂತೂ ಸಹಿಸಲಾಗುವುದಿಲ್ಲ.

ಮೈಸೂರಿನಿಂದ ಇನ್ನೊಬ್ಬ ಸದಸ್ಯರು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಷ್ಟೆಲ್ಲ ಏಕೆ? ಈಕ್ವಲೈಸರ್ (ತಗ್ಗಿನ, ಎತ್ತರದ ಸ್ವರಗಳನ್ನು ಬೇರೆಬೇರೆಯಾಗಿ ಏರಿಳಿಸುವ ತಂತ್ರಾಂಶ) ಹಾಕಿಕೊಂಡು ಬೇಸ್, ಎಂದರೆ ತಗ್ಗಿನ ಸ್ವರ, ಏರಿಸಿದರೆ ಧ್ವನಿ ತುಂಬಿಕೊಳ್ಳುವುದಿಲ್ಲವೇ? ನಾನು ಹಾಗೇ ಮಾಡಿದ್ದೇನೆ.

ಉತ್ತರ

ಈಕ್ವಲೈಸರ್ ಒಳ್ಳೆಯದೇ ಸರ್, ಬೇಸ್ ಏರಿಸುವುದನ್ನು ಒಪ್ಪಲಾರೆ. ಸ್ಪೀಕರಿನೊಳಗೆ ನಡುಗಿ ಸದ್ದು ಹೊರಡಿಸುವ, ಬೆರಳಿನಷ್ಟು ಅಗಲದ ಪರದೆ 100 ಹರ್ಟ್ಜ್‌ನ (ಸೆಕೆಂಡಿಗೆ ನೂರು ಕಂಪನದ) ಸದ್ದಿಗೆ ಬೇಕಾದಷ್ಟು ಗಾಳಿಯನ್ನು ತಳ್ಳಲಾರದು. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ 200ಕ್ಕಿಂತ ಕೆಳಗೆ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಅಲ್ಲಿ ಏರಿಸಿದರೆ ಪರದೆ ಒದ್ದಾಡುತ್ತದೆ, ಸದ್ದು ಬರುವುದಿಲ್ಲ, ಉಳಿದದ್ದೂ ಕೆಡುತ್ತದೆ.

ಗಂಡಸಿನ ಮಾತಿನ ಮೂಲಸ್ವರ 100ರಿಂದ 150 ಹರ್ಟ್ಜ್ ಆಸುಪಾಸಿನದು. ಸ್ಪೀಕರ್ ಅದನ್ನು ಸರಿಯಾಗಿ ನುಡಿಸದಿದ್ದರೂ ನಮಗೆ ಗಂಡಸಿನ ದನಿಯೇ ಕೇಳುತ್ತದೆ, ಏಕೆಂದರೆ ಮೇಲಿನ ಅನುಸ್ವರಗಳನ್ನು (ಮೂಲಸ್ವರದ ಎರಡು, ಮೂರು ಪಟ್ಟಿನ ಸ್ವರಗಳನ್ನು) ಕೇಳಿ ಮಿದುಳು ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಹಳೆಯ ತಂತಿ ಫೋನು ಸಾಗಿಸುತ್ತಿದ್ದುದು 300ರಿಂದ 3,400 ಹರ್ಟ್ಜ್ ಮಾತ್ರ, ಅದರಲ್ಲೇ ಅಪ್ಪನ ದನಿ ಗುರುತು ಸಿಗುತ್ತಿರಲಿಲ್ಲವೇ? ಹಾಗಾಗಿ ತಿರುಗಿಸಿ ಯೋಚಿಸಿ. 150ಕ್ಕಿಂತ ಕೆಳಗಿನದನ್ನು ಕತ್ತರಿಸಿ, 2,000ದಿಂದ 4,000ದ ನಡುವೆ ಮೂರು ನಾಲ್ಕು ಡೆಸಿಬಲ್ ಕೊಡಿ. ವ್ಯಂಜನಗಳ ಸ್ಪಷ್ಟತೆ ಬಹುಪಾಲು ಅಲ್ಲಿದೆ. ‘ತಾಪ’ ಯಾವುದು, ‘ಪಾಪ’ ಯಾವುದು ಎಂದು ಕಿವಿಗೆ ಬಿಡಿಸಿ ಹೇಳುವುದು ಆ ಭಾಗ. ವಿಂಡೋಸಿಗೆ ಈಕ್ವಲೈಸರ್ ಎಪಿಒ ಉಚಿತವಾಗಿ ಸಿಗುತ್ತದೆ, ಲಿನಕ್ಸ್‌ನವರಿಗೆ ಈಸಿ ಎಫೆಕ್ಟ್ಸ್. ಎಷ್ಟು ಡೆಸಿಬಲ್ ಏರಿಸುತ್ತೀರೋ ಅಷ್ಟನ್ನು, ಒಟ್ಟು ಧ್ವನಿಯ ಮಟ್ಟ ಹಿಡಿಯುವ ‘ಪ್ರೀಆ್ಯಂಪ್’ನಲ್ಲಿ ಇಳಿಸಿರಿ, ಇಲ್ಲದಿದ್ದರೆ ಮಾಸ್ತರರ ಬೂಸ್ಟರಿನ ಕತೆಯೇ ಮತ್ತೆ.

ಈಗ ಆ ಜರ್ರ್. ಒಂದೇ ಸ್ವರಕ್ಕೆ, ಒಂದೇ ಬದಿಯಲ್ಲಿ, ಪ್ರತಿ ಸಲವೂ ಬರುತ್ತದೆ ಎಂದರೆ ಅದು ತಂತ್ರಾಂಶದ ದೋಷವಾಗಿರುವುದು ಅಪರೂಪ. ಯಾವುದೋ ಒಂದು ಭಾಗ ಆ ಸ್ವರಕ್ಕೆ ಕೂಡಿ ನಡುಗುತ್ತಿದೆ. ತಂಬೂರಿಗೆ ಜೀವಾಳ (ತಂತಿಯಡಿ ಸಿಕ್ಕಿಸಿ ಝೇಂಕಾರ ತರುವ ನೂಲು) ಬೇಕು, ಸ್ಪೀಕರಿಗೆ ಬೇಡ. ಮಾಸ್ತರರೇ, ಜಾಲದಲ್ಲಿ ‘ಟೋನ್ ಜನರೇಟರ್’ ಎಂದು ಹುಡುಕಿ, ವಾಲ್ಯೂಮ್ ಅರ್ಧಕ್ಕಿಟ್ಟು 200 ಹರ್ಟ್ಜ್‌ನಿಂದ 1,000ದವರೆಗೆ ನಿಧಾನವಾಗಿ ಏರಿಸುತ್ತ ಬನ್ನಿ. ಜರ್ರ್ ಎಂದ ಕಡೆ ನಿಲ್ಲಿಸಿ, ಕೀಲಿಮಣೆಯ ಮುಂದೆ ಅಂಗೈ ಊರುವ ಜಾಗವನ್ನು ಎಡಗಡೆ ಹೆಬ್ಬೆರಳಿನಿಂದ ಒತ್ತಿ. ಒತ್ತಿದಾಗ ನಿಂತರೆ ಏನೋ ಸಡಿಲವಾಗಿದೆ, ಸ್ಪೀಕರ್ ಬಹುಶಃ ಚೆನ್ನಾಗಿದೆ. ನಿಲ್ಲದಿದ್ದರೆ ಪರದೆ ಹರಿದಿರಬಹುದು.

ಒತ್ತುವ ಮೊದಲು ಯಂತ್ರವನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ. ಟಚ್‌ಪ್ಯಾಡ್ ಉಬ್ಬಿದೆಯೇ, ಒಂದು ಮೂಲೆ ಎದ್ದು ತೂಗಾಡುತ್ತಿದೆಯೇ? ಬ್ಯಾಟರಿ ಊದಿಕೊಂಡು ಒಳಗಿನದನ್ನೆಲ್ಲ ಒತ್ತುವಾಗಲೂ ಇಂಥ ಸದ್ದು ಬರುತ್ತದೆ. ಹಾಗಿದ್ದರೆ ಚಾರ್ಜಿಗೆ ಹಾಕಬೇಡಿ, ಒತ್ತಲೂ ಬೇಡಿ, ನೇರ ಅಂಗಡಿಗೆ ಒಯ್ಯಿರಿ. ಊದಿದ ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತುತ್ತದೆ.

ಪದವಿ ವಿದ್ಯಾರ್ಥಿನಿ, ಹುಬ್ಬಳ್ಳಿ

ಸರ್, ಆನ್‌ಲೈನ್ ತರಗತಿ ಶುರುವಾದ ಕೂಡಲೇ ಉಳಿದ ವಿಡಿಯೊಗಳ ಸದ್ದು ತಾನಾಗಿಯೇ ಕುಗ್ಗುತ್ತದೆ. ಬ್ಲೂಟೂತ್ ಇಯರ್‌ಫೋನ್ ಹಾಕಿದರೆ ಎಲ್ಲವೂ ಹಳೆಯ ರೇಡಿಯೊ ಹಾಗೆ ಕೇಳುತ್ತದೆ. ಇಯರ್‌ಫೋನ್ ಕೆಟ್ಟಿದೆಯೇ?

ಉತ್ತರ

ಕೆಟ್ಟಿಲ್ಲ ತಂಗಿ. ಕರೆ ನಡೆಯುತ್ತಿದೆ ಎಂದು ತಿಳಿದರೆ ಉಳಿದ ಧ್ವನಿಗಳನ್ನು ಶೇಕಡಾ 80ರಷ್ಟು ತಗ್ಗಿಸುವುದು ವಿಂಡೋಸಿನ ಹುಟ್ಟುಗುಣ. ಮೇಲೆ ಮಾಸ್ತರರಿಗೆ ಹೇಳಿದ ಸಣ್ಣ ಕಿಟಕಿಯಲ್ಲೇ ‘ಕಮ್ಯುನಿಕೇಶನ್ಸ್’ ಹಾಳೆಗೆ ಹೋಗಿ ‘ಡೂ ನಥಿಂಗ್’ ಆರಿಸಿಕೊಳ್ಳಿ. ಇನ್ನು ಸಾಮಾನ್ಯ ಬ್ಲೂಟೂತ್ ಇಯರ್‌ಫೋನಿನ ಮೈಕ್ ಎಚ್ಚರವಾದ ಕ್ಷಣ ಅದು ಫೋನ್ ಕರೆಯ ಕ್ರಮಕ್ಕೆ ಇಳಿಯುತ್ತದೆ, ಸ್ಟೀರಿಯೊ ಹೋಗುತ್ತದೆ. ತರಗತಿಯ ಆ್ಯಪ್‌ನಲ್ಲಿ ಮೈಕ್ ಎಂದು ಲ್ಯಾಪ್‌ಟಾಪಿನದನ್ನೇ ಆರಿಸಿ, ಇಯರ್‌ಫೋನ್ ಕೇಳಲು ಮಾತ್ರ ಇರಲಿ.

ಫ್ಯಾಬ್ರಿಕೇಶನ್ ಘಟಕದವರು, ಪೀಣ್ಯ

ನಮ್ಮ ಶೆಡ್‌ನಲ್ಲಿರುವ ಲ್ಯಾಪ್‌ಟಾಪಿನ ಎರಡೂ ಸ್ಪೀಕರ್ ಕರಕರ ಎನ್ನುತ್ತವೆ. ಮೂರು ತಿಂಗಳ ಹಿಂದಷ್ಟೇ ಎಸ್.ಪಿ. ರಸ್ತೆಯಿಂದ ತಂದು ಬದಲಾಯಿಸಿದ್ದು. ಮತ್ತೆ ಅದೇ ಆಗಿದೆ.

ಉತ್ತರ

ಗ್ರೈಂಡರ್ ಎಷ್ಟು ದೂರದಲ್ಲಿದೆ ಸರ್? ಸ್ಪೀಕರಿನ ಹಿಂದೆ ಇರುವುದು ಅಯಸ್ಕಾಂತ. ಉಜ್ಜುವಾಗ ಹಾರುವ ಕಬ್ಬಿಣದ ಪುಡಿ ಜಾಲರಿಯ ಮೂಲಕ ಒಳಗೆ ಹೋದರೆ ನೇರ ಅಲ್ಲಿಗೇ ಅಂಟುತ್ತದೆ, ಸುರುಳಿ ಆಡುವ ಕಿರಿದಾದ ಸಂದಿಯಲ್ಲಿ ಉಜ್ಜುತ್ತದೆ. ಗಾಳಿ ಊದಿದರೆ ಹೊರಗೆ ಬರುವುದಿಲ್ಲ, ಇನ್ನೂ ಒಳಗೆ ಹೋಗುತ್ತದೆ. ಹೊಸ ಜೋಡಿ ಹಾಕಿದರೂ ಅದಕ್ಕೂ ಅದೇ ಗತಿ. ಯಂತ್ರವನ್ನು ಆಫೀಸಿನ ಕೋಣೆಗೆ ಸಾಗಿಸಿ, ಆಮೇಲೆ ಸ್ಪೀಕರ್ ಬದಲಾಯಿಸಿ. ಶೆಡ್‌ನಲ್ಲೇ ಇರಬೇಕೆಂದರೆ ಒಳಗಿನ ಸ್ಪೀಕರಿನ ಆಸೆ ಬಿಟ್ಟು ತಂತಿಯ ಸಣ್ಣ ಸ್ಪೀಕರ್ ಒಂದನ್ನು ಜೋಡಿಸಿಕೊಳ್ಳಿ. ಆ ಪುಡಿ ಸ್ಪೀಕರಿಗಿಂತ ಮೊದಲು ಮದರ್‌ಬೋರ್ಡಿಗೆ ಕುತ್ತು ತರಬಹುದು, ಅದನ್ನೂ ಯೋಚಿಸಿ.

ಶಿರಸಿಯ ಶಿಕ್ಷಕರು

ತಮ್ಮಾ, ವರದಿ ಒಪ್ಪಿಸುತ್ತಿದ್ದೇನೆ. ಕಂಪನಿಯ ಡ್ರೈವರ್ ಹಾಕಿದೆ. ಅದರ ಜೊತೆ ಬಂದ ಆ್ಯಪ್‌ನಲ್ಲಿ ‘ವಾಯ್ಸ್’ ಆರಿಸಿದೆ. ನಿನ್ನೆ ರಾತ್ರಿ ಕೃಷ್ಣಸಂಧಾನ ಕೇಳಿದೆ, ವಿದುರನ ಮನೆಯ ಮೆಲುಮಾತೂ ತಿಳಿಯಿತು, ವಾಲ್ಯೂಮ್ 70ರಲ್ಲೇ ಇತ್ತು. ಟೋನ್ ಏರಿಸುತ್ತ ಹೋದಾಗ 430 ಹರ್ಟ್ಜ್‌ನ ಹತ್ತಿರ ಜರ್ರ್ ಎಂದಿತು. ಹೆಬ್ಬೆರಳು ಒತ್ತಿದರೆ ನಿಂತಿತು, ತೆಗೆದರೆ ಮತ್ತೆ ಶುರು. ಮಕ್ಕಳಾಟದ ಹಾಗೆ ಹತ್ತು ಸಲ ಮಾಡಿದೆ. ಟಚ್‌ಪ್ಯಾಡ್ ಉಬ್ಬಿಲ್ಲ. ಇಂದು ಇಲ್ಲಿಯ ಅಂಗಡಿಯಲ್ಲಿ ಬಿಚ್ಚಿ ನೋಡಿದರು. ಎಡ ಸ್ಪೀಕರಿಗೆ ಎರಡು ಸ್ಕ್ರೂ ಇರಬೇಕಾದಲ್ಲಿ ಒಂದೇ ಇದೆ, ಅದರ ರಬ್ಬರ್ ಬಳೆಯೂ ಇಲ್ಲ. ಧೂಳು ತೆಗೆದವರು ಮರೆತಿರಬೇಕು. ಅವರ ಡಬ್ಬಿಯಲ್ಲಿ ಬೇರೆ ಸ್ಕ್ರೂ ಇವೆಯಂತೆ, ಹಾಕಿಸಲೇ? ನಾನು ಅಂಗಡಿಯಲ್ಲೇ ಕುಳಿತಿದ್ದೇನೆ.

ಉತ್ತರ

ಸ್ವಲ್ಪ ತಡೆಯಿರಿ! ಬಲ ಸ್ಪೀಕರಿನ ಸ್ಕ್ರೂ ಒಂದನ್ನು ಬಿಚ್ಚಿಸಿ, ಡಬ್ಬಿಯ ಸ್ಕ್ರೂವನ್ನು ಅದರ ಪಕ್ಕ ನಿಲ್ಲಿಸಿ ಉದ್ದ ಹೋಲಿಸಲು ಹೇಳಿ. ಒಂದು ಮಿಲಿಮೀಟರ್ ಹೆಚ್ಚಾದರೂ ಬೇಡ, ಬಿಗಿ ಮಾಡುವಾಗ ಅದರ ತುದಿ ಮೇಲಿನ ಕವಚವನ್ನು ಎತ್ತಿ ಅಂಗೈ ಊರುವಲ್ಲಿ ಮೊಡವೆಯ ಹಾಗೆ ಹೊರಗೆ ಬರುತ್ತದೆ. ನನ್ನ ಕೈಯಿಂದಲೇ ಒಂದು ಸಲ ಹಾಗಾಗಿದೆ. ರಬ್ಬರ್ ಬಳೆ ಹಳೆಯ ಯಾವುದಾದರೂ ಸತ್ತ ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಸಿಗುತ್ತದೆ, ಅವರ ಬಳಿ ಇದ್ದೇ ಇರುತ್ತದೆ, ಕೇಳಿ. ಮುಚ್ಚುವ ಮೊದಲು ಅಲ್ಲೇ 430ರ ಟೋನ್ ಹಾಕಿಸಿ ಕೇಳಿಕೊಂಡೇ ಏಳಿರಿ.

ಶಿರಸಿಯ ಶಿಕ್ಷಕರು

ಡಬ್ಬಿಯದು ಉದ್ದವಿತ್ತು. ಹಳೆಯ ಯಂತ್ರವೊಂದರಿಂದ ಬಳೆ, ಸ್ಕ್ರೂ ಎರಡೂ ಸಿಕ್ಕವು. 430ಕ್ಕೆ ಈಗ ಸದ್ದಿಲ್ಲ. ಟೋನ್ ಮಾತ್ರ.