'ಬಟ್ರೆಸ್' ಅಂದರೆ ಸಪೋರ್ಟ್ ತಾನೇ?

ಪ್ರಶ್ನೆ: ಮಗಳ ಇಂಗ್ಲಿಷ್ ಪ್ರಬಂಧದ ಪಕ್ಕ ಟೀಚರ್ ಕೆಂಪು ಪೆನ್ನಲ್ಲಿ "ಬಟ್ರೆಸ್ ಯುವರ್ ಆರ್ಗ್ಯುಮೆಂಟ್" ಅಂತ ಬರೆದಿದ್ದಾರೆ. ನಾನು ಬೆಣ್ಣೆಗೆ ಏನೋ ಸಂಬಂಧ ಅಂದುಕೊಂಡೆ! ಸುಮ್ನೆ 'ಸಪೋರ್ಟ್' ಅಂದಿದ್ದರೆ ಆಗ್ತಿರಲಿಲ್ವಾ?

ಉತ್ತರ 1: ಗೋಡೆ ವಾಲದ ಹಾಗೆ ಹೊರಗಿನಿಂದ ಒತ್ತು ಕೊಟ್ಟು ಕಟ್ಟುವ ಆಸರೆಯೇ ಬಟ್ರೆಸ್. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚನ್ನು ಹಿಂಬದಿಯಿಂದ ತೆಗೆದ ಫೋಟೋ ನೋಡಿ. ಜೇಡನ ಕಾಲಿನ ಹಾಗೆ ಕಮಾನುಗಳು ಚಾಚಿಕೊಂಡಿವೆ. ಕಲ್ಲಿನ ಚಾವಣಿ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಇವು ತಡೆಯುತ್ತವೆ.

ಉತ್ತರ 2: ಅಷ್ಟು ದೂರ ಯಾಕೆ ಸರ್? ಲಾಲ್‌ಬಾಗಿನ ಹಳೇ ಬೂರುಗದ ಮರವಿದೆಯಲ್ವಾ, ಬುಡದಲ್ಲಿ ಹಲಗೆ ನಿಲ್ಲಿಸಿದಂತಿರುವ ಅದರ ಬೇರುಗಳೂ ಬಟ್ರೆಸ್ಸೇ. ಆದರೆ ಕಷ್ಟದಲ್ಲಿರುವ ಗೆಳೆಯನನ್ನು 'ಬಟ್ರೆಸ್' ಮಾಡಿದೆ ಅಂದರೆ ನಗ್ತಾರೆ. ವಾದಕ್ಕೆ, ಸಾಕ್ಷಿಗೆ ಸರಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಮಗಳು ಈಗ ಇನ್ನೆರಡು ಉದಾಹರಣೆ ಸೇರಿಸುತ್ತಿದ್ದಾಳೆ.